ನಿಂತ ದೋಣಿಯ ಎಂಜಿನ್ ಬೊಬ್ಬೆ ಹಾಕುವುದು ಯಾಕೆ?



ನಮ್ಮ ಆದಿ ಉಡುಪಿಯಿಂದ ಪಶ್ಚಿಮಕ್ಕೆ ಹೋದರೆ ಮಲ್ಪೆ ಬಂದರು. ಅಲ್ಲಿ ದೊಡ್ಡ ಬೋಟುಗಳ ಎಂಜಿನ್ ಒಳಗೆ ಇರುತ್ತದೆ. ನಾಡದೋಣಿಯದ್ದು ಹಿಂದುಗಡೆ ಹೊರಗೆ ಕೂತಿರುತ್ತದೆ. ಅದಕ್ಕೇ ಅದಕ್ಕೆ ಔಟ್‌ಬೋರ್ಡ್ ಎಂದು ಹೆಸರು.

ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಕಡಲಿಗೆ ಇಳಿಯುವುದು ನಾಡದೋಣಿಗಳು ಮತ್ತು 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ದೋಣಿಗಳು. ಅಳಿವೆಯಲ್ಲಿ ತೆರೆ ಜೋರು. ಎಂಜಿನ್ ಹೇಳಿದ ಮಾತು ಕೇಳದಿದ್ದರೆ ಜೀವಕ್ಕೇ ಅಪಾಯ.

ಗೇರ್ ಹಾಕದೆ, ಎಕ್ಸಲೇಟರ್ ಕೊಡದೆ ಎಂಜಿನ್ ಮೆಲ್ಲಗೆ ಓಡುವುದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ನಿಮಿಷಕ್ಕೆ 700ರಿಂದ 1200 ಸುತ್ತು. ಅದಕ್ಕಿಂತ ಜೋರಾಗಿ ಓಡುವಾಗ ಗೇರ್ ಹಾಕಿದರೆ ‘ಢಣ್’ ಅಂತ ಶಬ್ದ ಬಂದು ದೋಣಿ ಮುಂದೆ ಹಾರುತ್ತದೆ. ನಿಂತವರು ನೀರಿಗೆ ಬೀಳಬಹುದು. ಗೇರಿನ ಹಲ್ಲೂ ಸವೆಯುತ್ತದೆ.

ಕಾರಣ ಏನು? ಎಂಜಿನ್ನಿಗೆ ಗಾಳಿ ಹೋಗುವ ಬಾಗಿಲು ಕಾರ್ಬ್ಯುರೇಟರಿನಲ್ಲಿ ಉಂಟು. ಐಡ್ಲಿಂಗ್‌ನಲ್ಲಿ ಅದು ಕೂದಲೆಳೆಯಷ್ಟೇ ತೆರೆದಿರಬೇಕು. ಹೆಚ್ಚು ಗಾಳಿ ಹೋದರೆ ಓಟವೂ ಹೆಚ್ಚು. ಹಾಗಾದರೆ ಆ ಗಾಳಿ ಎಲ್ಲಿಂದ ಬಂತು ಎಂದು ಹುಡುಕಬೇಕು. ಅಷ್ಟೇ ಗುಟ್ಟು!

1. ಎಂಜಿನ್ ತಣ್ಣಗಿದ್ದಾಗ ಸ್ವಲ್ಪ ಜೋರಾಗಿ ಓಡುವುದು ಸಹಜ. ಬಿಸಿಯಾಗುವವರೆಗೆ ಕಾಯಬೇಕು.

2. ಎಂಜಿನ್ ನಿಲ್ಲಿಸಿ ಕೇಬಲ್ ನೋಡಬೇಕು. ನಮ್ಮ ಸೈಕಲಿನ ಬ್ರೇಕ್ ತಂತಿ ತುಕ್ಕು ಹಿಡಿದರೆ ವಾಪಸು ಬರುವುದಿಲ್ಲ ಅಲ್ವಾ? ಉಪ್ಪುನೀರಿಗೆ ಇದೂ ಹಾಗೆಯೇ. ಹಿಡಿ ತಿರುಗಿಸಿ ಬಿಟ್ಟರೂ ಗಾಳಿಯ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

3. ಕೇಬಲ್ ಸರಿ ಇದ್ದರೆ ಕಾರ್ಬ್ಯುರೇಟರ್ ಕೂತಲ್ಲಿನ ಪ್ಯಾಕಿಂಗ್ ನೋಡಬೇಕು. ಅದು ಹರಿದಿದ್ದರೆ ಕಳ್ಳಗಾಳಿ ಒಳಗೆ ನುಗ್ಗುತ್ತದೆ. ಐಡ್ಲಿಂಗ್‌ನಲ್ಲಿ ಓಡುವಾಗ ಸಂದಿಗೆ ಸ್ವಲ್ಪ ಸಾಬೂನು ನೀರು ಹಾಕಿ. ಶಬ್ದ ಬದಲಾದರೆ ಕಳ್ಳ ಸಿಕ್ಕಿದ ಹಾಗೆ.

4. ಇದೆಲ್ಲ ಸರಿ ಇದ್ದರೆ ಮಾತ್ರ ಕೊನೆಗೆ ಐಡ್ಲಿಂಗ್ ಸ್ಕ್ರೂ.

ಹೆಚ್ಚಿನವರು ಮೊದಲೇ ಸ್ಕ್ರೂ ತಿರುಗಿಸುತ್ತಾರೆ. ಇದು ದೊಡ್ಡ ತಪ್ಪು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಇಂಧನದ ಜೊತೆಗೇ ಆಯಿಲ್ ಹೋಗುತ್ತದೆ. ಕಳ್ಳಗಾಳಿ ಸೇರಿದರೆ ಗಾಳಿ ಹೆಚ್ಚು, ಇಂಧನ ಕಡಿಮೆ, ಆಯಿಲೂ ಕಡಿಮೆ. ಸ್ಕ್ರೂ ತಿರುಗಿಸಿದರೆ ಬೊಬ್ಬೆ ನಿಲ್ಲಬಹುದು, ರೋಗ ಒಳಗೇ ಉಳಿಯುತ್ತದೆ. ಒಂದು ದಿನ ನಡುಕಡಲಿನಲ್ಲಿ ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಜ್ವರ ಬಂದವನಿಗೆ ತಣ್ಣೀರು ಪಟ್ಟಿ ಮಾತ್ರ ಹಾಕಿ ಮದ್ದು ಕೊಡದ ಹಾಗೆ!

ನೆನಪಿಡಿ: ದಡದಲ್ಲಿ ನೀರಿಲ್ಲದೆ ಎಂಜಿನ್ ಓಡಿಸಬಾರದು, ನೀರು ಎಳೆಯುವ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ಫ್ಯಾನ್ ಬಿಚ್ಚಿಟ್ಟು, ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಪರೀಕ್ಷಿಸಬೇಕು. ತಿರುಗುವ ಭಾಗಕ್ಕೆ ಕೈ ಹಾಕಬಾರದು. ಇದು ದೊಡ್ಡವರ ಕೆಲಸ, ನಾವು ಹತ್ತಿರ ನಿಂತು ನೋಡಿ ಕಲಿಯೋಣ.

ನಿಮ್ಮ ಮನೆಯಲ್ಲಿ ದೋಣಿಗೆ ಹೋಗುವವರಿದ್ದರೆ ಇವತ್ತೇ ಕೇಳಿ: “ಎಂಜಿನ್ ನಿಂತಲ್ಲೇ ಬೊಬ್ಬೆ ಹಾಕ್ತದಾ? ಕೇಬಲ್ ನೋಡಿದ್ರಾ?”