ಕಾಲು ಮೈಲಿಯ ಓಟಕ್ಕೆ ಇಂಧನದ ಪಂಪು, ರೆಗ್ಯುಲೇಟರು

ಡ್ರ್ಯಾಗ್ ರೇಸ್ ಎಂಬ ಓಟವು ಅಮೇರಿಕೆಯಲ್ಲಿ ಹುಟ್ಟಿ ಬೆಳೆದದ್ದು. ನೇರವಾದ ಪಥದಲ್ಲಿ ಎರಡು ಕಾರುಗಳು ನಿಂತಲ್ಲಿಂದ ಹೊರಟು ಕಾಲು ಮೈಲಿಯನ್ನು, ಎಂದರೆ ಸುಮಾರು 402 ಮೀಟರುಗಳನ್ನು ಕ್ರಮಿಸುತ್ತವೆ. ಕೊನೆಯ ಗೆರೆಯನ್ನು ಮೊದಲು ದಾಟಿದವನು ಗೆದ್ದಂತೆ. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿ, ಬೀದಿಗಳಲ್ಲಿ ನಡೆಯುತ್ತಿದ್ದ ಈ ಪಂದ್ಯಕ್ಕೆ ನಿಯಮದ ಚೌಕಟ್ಟನ್ನು ಒದಗಿಸಿದರು. ನಮ್ಮ ವಾಚಕ ಕುಟುಂಬಗಳಿಂದ ಯಂತ್ರಶಾಸ್ತ್ರದ ವ್ಯಾಸಂಗಕ್ಕಾಗಿ ಆ ದೇಶಕ್ಕೆ ಹೋದ ತರುಣರು ಹಳೆಯ ಕಾರೊಂದನ್ನು ಕೊಂಡು ಓಟಕ್ಕೆ ಸಜ್ಜುಗೊಳಿಸುವ ಹವ್ಯಾಸಕ್ಕೆ ಬಿದ್ದರೆ ಸೋಜಿಗವೇನಿಲ್ಲ. ಅಂಥವರು ಕೈಯಲ್ಲಿದ್ದ ಹಣವನ್ನೆಲ್ಲ ಎಂಜಿನ್ನಿಗೆ ಸುರಿದು, ಇಂಧನದ ಪಂಪು ಮತ್ತು ಒತ್ತಡವನ್ನು ನಿಯಂತ್ರಿಸುವ ರೆಗ್ಯುಲೇಟರುಗಳನ್ನು ಉಳಿದ ಚಿಲ್ಲರೆಯಲ್ಲಿ ಕೊಳ್ಳಲು ಹೊರಡುವುದುಂಟು. ಇದು ತಲೆಕೆಳಗಾದ ಲೆಕ್ಕವೆಂದೇ ನಮ್ಮ ಅಭಿಪ್ರಾಯ.

ಕಾರಣವಿಷ್ಟೆ. ಎಂಜಿನ್ನು ಪೂರ್ಣ ಬಲದಿಂದ ಗಾಳಿಯನ್ನು ಎಳೆದುಕೊಳ್ಳುತ್ತಿರುವಾಗ ಅದಕ್ಕೆ ತಕ್ಕ ಇಂಧನ ದೊರೆಯದಿದ್ದರೆ ಸಿಲಿಂಡರಿನೊಳಗೆ ಅಕಾಲ ಸ್ಫೋಟವಾಗಿ ಶಾಖವು ಮಿತಿ ಮೀರುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ತೂತು ಬೀಳುತ್ತದೆ. ವರ್ಷವೆಲ್ಲ ಕೂಡಿಟ್ಟ ಹಣ ಒಂದೆರಡು ಸೆಕೆಂಡುಗಳಲ್ಲಿ ಹೊಗೆಯಾಗುವುದು ಹೀಗೆ.

ಪಂಪಿನ ಪೆಟ್ಟಿಗೆಯ ಮೇಲೆ ‘ಗಂಟೆಗೆ 255 ಲೀಟರು’ ಎಂದು ದಪ್ಪಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಆ ಸಂಖ್ಯೆ ಯಾವ ಒತ್ತಡದಲ್ಲಿ, ಎಷ್ಟು ವೋಲ್ಟಿನಲ್ಲಿ ಅಳೆದದ್ದೆಂದು ಕೇಳದೆ ಹಣ ಕೊಡಬಾರದು. ಒತ್ತಡ ಏರಿದಂತೆ ಪಂಪಿನ ಹರಿವು ಇಳಿಯುವುದು ಅದರ ಸ್ವಭಾವ. ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ನು ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಅರ್ಧ ಪೌಂಡು ಇಂಧನವನ್ನು ಬೇಡುತ್ತದೆ. 600 ಅಶ್ವಶಕ್ತಿಗೆ 300 ಪೌಂಡು, ಎಂದರೆ 136 ಕಿಲೋಗ್ರಾಂ. ಅಳತೆಯಲ್ಲಿ ಗಂಟೆಗೆ ಸುಮಾರು 183 ಲೀಟರು. ಟರ್ಬೋ ಅಳವಡಿಸಿದ ಎಂಜಿನ್ನಿಗೆ ಇದು 220 ಲೀಟರನ್ನು ಮುಟ್ಟುತ್ತದೆ. ಅದರ ಮೇಲೆ ಐದನೆಯ ಒಂದು ಭಾಗವನ್ನಾದರೂ ಮೀಸಲಿಟ್ಟುಕೊಳ್ಳಬೇಕು. ಟರ್ಬೋ ಕಾರಿನಲ್ಲಿ ಇನ್ನೊಂದು ತೊಡಕಿದೆ. ಇಂಜೆಕ್ಷನ್ ಪದ್ಧತಿಯ ಮೂಲ ಒತ್ತಡ ಸಾಮಾನ್ಯವಾಗಿ ಚದರ ಅಂಗುಲಕ್ಕೆ 43 ಪೌಂಡು. ಟರ್ಬೋ 20 ಪೌಂಡು ಗಾಳಿಯನ್ನು ಒತ್ತಿದರೆ ಇಂಧನದ ಒತ್ತಡವೂ ಅಷ್ಟೇ ಏರಿ 63 ಆಗಬೇಕು. ಎಂಜಿನ್ನಿನ ಹಸಿವು ಅತ್ಯಧಿಕವಾಗಿರುವ ಹೊತ್ತಿಗೇ ಪಂಪಿನ ಹರಿವು ಅತ್ಯಲ್ಪವಾಗಿರುತ್ತದೆಂದಾಯಿತು. ಆದುದರಿಂದ ತಯಾರಕರು ಕೊಡುವ ಹರಿವಿನ ನಕ್ಷೆಯಲ್ಲಿ 63ರ ಗೆರೆಯನ್ನು ನೋಡಿ ಪಂಪನ್ನು ಆರಿಸತಕ್ಕದ್ದು.

ಇಂಧನ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ನೂರಕ್ಕೆ 85 ಪಾಲು ಎಥನಾಲ್ ಇರುವ ಇಂಧನಕ್ಕೆ ಸುಮಾರು ಮೂರನೆಯ ಒಂದು ಭಾಗ ಹೆಚ್ಚಿನ ಹರಿವು ಬೇಕು. ಮೆಥನಾಲ್‌ಗೆ ಇಮ್ಮಡಿಗೂ ಮಿಕ್ಕಿ.

ಪಂಪಿನಲ್ಲಿ ಕಸುವಿದ್ದರೂ ವಿದ್ಯುತ್ತು ಸಾಲದಿರಬಹುದು. ಪಂಪುಗಳನ್ನು ಬಹುಮಟ್ಟಿಗೆ 13.5 ವೋಲ್ಟಿನಲ್ಲಿ ಅಳೆದಿರುತ್ತಾರೆ. ಕಾರಿನ ಹಳೆಯ ಸಣ್ಣ ತಂತಿಯ ಮೂಲಕ 12 ವೋಲ್ಟು ಮಾತ್ರ ತಲುಪಿದರೆ ಹರಿವು ಗಣನೀಯವಾಗಿ ಕುಗ್ಗುತ್ತದೆ. ಬ್ಯಾಟರಿಯಿಂದ ರಿಲೇ ಮೂಲಕ ಪಂಪಿಗೇ ಪ್ರತ್ಯೇಕವಾದ ದಪ್ಪ ತಂತಿಯನ್ನೆಳೆದು, ಪಂಪು ಓಡುತ್ತಿರುವಾಗಲೇ ಅದರ ತುದಿಗಳಲ್ಲಿ ವೋಲ್ಟನ್ನು ಅಳೆಯಬೇಕು.

ಈ ಓಟಕ್ಕೇ ವಿಶಿಷ್ಟವಾದ ಸಂಗತಿಯೊಂದಿದೆ. ನಮಗೆ ಅತ್ಯಂತ ಕುತೂಹಲಕರವಾಗಿ ತೋರಿದ್ದೂ ಅದೇ. ಕಾರು ಮುಂದಕ್ಕೆ ನೆಗೆದಾಗ ಕೊಳವೆಯಲ್ಲಿರುವ ಇಂಧನವು ಹಿಂದಕ್ಕೆ ಜಗ್ಗುತ್ತದೆ. ಹಿಂಬದಿಯ ಟ್ಯಾಂಕಿನಿಂದ ಎಂಜಿನ್ನಿಗೆ ಮೂರು ಮೀಟರು ಕೊಳವೆಯಿದ್ದು, ವೇಗೋತ್ಕರ್ಷವು ಗುರುತ್ವದ ಒಂದೂವರೆ ಪಟ್ಟು ಆದರೆ, ಚದರ ಅಂಗುಲಕ್ಕೆ ಐದು ಪೌಂಡಿನಷ್ಟು ಒತ್ತಡ ಇದರಲ್ಲಿಯೇ ಕರಗಿಹೋಗುತ್ತದೆ. ಕಾರ್ಬುರೇಟರಿಗೆ ಬೇಕಾದುದೇ ಏಳು ಪೌಂಡು! ಏಳೇ ಪೌಂಡು ಕೊಡುವ ಪಂಪನ್ನು ಹಿಂದೆ ಕಟ್ಟಿಕೊಂಡವನಿಗೆ ಹೊರಡುವ ಕ್ಷಣದಲ್ಲಿ ಎರಡೇ ಉಳಿದಾವು. ಕಾಲುವೆಯ ತುದಿಯ ಹೊಲಕ್ಕೆ ನೀರು ತಲುಪದಂತೆ. ಹದಿನಾಲ್ಕೋ ಹದಿನೈದೋ ಪೌಂಡಿಗೆ ಒತ್ತಬಲ್ಲ ಪಂಪನ್ನಿರಿಸಿ, ಎಂಜಿನ್ನಿನ ಬಳಿ ರೆಗ್ಯುಲೇಟರಿನಿಂದ ಏಳಕ್ಕೆ ಇಳಿಸುವ ಕ್ರಮ ಬಂದದ್ದು ಇದಕ್ಕಾಗಿಯೇ. ಪಂಪಿಗೆ ತಳ್ಳುವ ಶಕ್ತಿಯಿರುವಷ್ಟು ಹೀರುವ ಶಕ್ತಿಯಿಲ್ಲ. ಅದು ಟ್ಯಾಂಕಿಗೆ ಸಮೀಪವಾಗಿ, ಅದಕ್ಕಿಂತ ತಗ್ಗಿನಲ್ಲಿರಬೇಕು. ಟ್ಯಾಂಕಿನ ಇಂಧನವೂ ಹಿಂದಕ್ಕೇ ನುಗ್ಗುವುದರಿಂದ ಹೀರುವ ಬಾಯಿ ಹಿಂತುದಿಯಲ್ಲಿರತಕ್ಕದ್ದು. ಟ್ಯಾಂಕನ್ನು ಎಂಜಿನ್ನಿನ ಮುಂದೆಯೇ ಇರಿಸಿ, ಅದೇ ಜಗ್ಗುವಿಕೆಯನ್ನು ತಮ್ಮ ಸಹಾಯಕ್ಕೆ ತಿರುಗಿಸಿಕೊಂಡ ಜಾಣರೂ ಇದ್ದಾರೆ.

ರೆಗ್ಯುಲೇಟರಿನಲ್ಲಿ ಎರಡು ಬಗೆ. ಒಂದು, ಹರಿವನ್ನು ತಡೆದು ನಿಲ್ಲಿಸುವಂಥದು; ಸಾಧಾರಣ ಕಾರ್ಬುರೇಟರ್ ಕಾರಿಗೆ ಸಾಕು. ಆದರೆ ಪಂಪು ಮುಚ್ಚಿದ ಬಾಗಿಲನ್ನು ತಳ್ಳುತ್ತಲೇ ಇದ್ದು ಬಿಸಿಯಾಗುತ್ತದೆ. ಇನ್ನೊಂದು, ಹೆಚ್ಚಾದುದನ್ನು ಟ್ಯಾಂಕಿಗೆ ಮರಳಿಸುವಂಥದು; ಕೆರೆಗೆ ಕೋಡಿ ಇದ್ದಂತೆ. ಇಂಜೆಕ್ಷನ್ ಇರುವ ಓಟದ ಕಾರಿಗೆ ನಾವು ಸೂಚಿಸುವುದು ಇದನ್ನೇ. ಕೋಡಿ ಕಿರಿದಾದರೆ ಏರಿಗೆ ಅಪಾಯವಷ್ಟೆ? ಹಾಗೆಯೇ ಮರಳುವ ಕೊಳವೆ ಸಣ್ಣದಾದರೆ, ಎಂಜಿನ್ನು ನಿಧಾನವಾಗಿ ತಿರುಗುವಾಗ ಒತ್ತಡವು ತಾನಾಗಿ ಏರಿ, ಎಷ್ಟು ತಿರುಪಿದರೂ ಇಳಿಯದು. ದೊಡ್ಡ ಪಂಪಿಗೆ ದೊಡ್ಡ ರೆಗ್ಯುಲೇಟರು, ದೊಡ್ಡ ಮರುಕೊಳವೆ: ಮೂರನ್ನೂ ಒಟ್ಟಿಗೆ ಆರಿಸಬೇಕು. ಒಳಗಿನ ರಬ್ಬರಿನ ಪೊರೆ ಬಳಸುವ ಇಂಧನವನ್ನು ತಾಳುವಂಥದೇ ಎಂಬುದನ್ನು ಕೇಳಿ ತಿಳಿಯಬೇಕು. ಪೆಟ್ರೋಲಿಗೆ ಒಗ್ಗಿದ ರಬ್ಬರು ಮೆಥನಾಲ್‌ನಲ್ಲಿ ಹಾಳಾಗಬಹುದು.

ಪಂಪಿನ ಹಿಂದೆ 100 ಮೈಕ್ರಾನಿನ ಜಾಳು ಫಿಲ್ಟರು, ಇಂಜೆಕ್ಷನ್ ಕಾರಾದರೆ ಪಂಪಿನ ಮುಂದೆ 10 ಮೈಕ್ರಾನಿನ ನಯವಾದ ಫಿಲ್ಟರು ಇರಲಿ. ಇವನ್ನು ಅದಲುಬದಲು ಮಾಡಿದರೆ ಪಂಪು ಹೀರಲಾರದೆ ಸೊರಗುತ್ತದೆ.

ಬೆಂಕಿಯ ವಿಷಯದಲ್ಲಿ ಉಳಿತಾಯ ಸಲ್ಲದು. ಬ್ಯಾಟರಿಯನ್ನು ಹಿಂದಕ್ಕೆ ಸ್ಥಳಾಂತರಿಸಿದ ಕಾರಿಗೆ ಹೊರಗಿನಿಂದಲೇ ಎಲ್ಲ ವಿದ್ಯುತ್ತನ್ನೂ ಕಡಿಯುವ ಸ್ವಿಚ್ಚು ಹಿಂಬದಿಯಲ್ಲಿರಬೇಕೆಂಬುದು ಮೇಲೆ ಹೇಳಿದ ಸಂಸ್ಥೆಯ ನಿಯಮ. ಅದನ್ನು ಒತ್ತಿದಾಗ ಎಂಜಿನ್ನಿನೊಡನೆ ಪಂಪೂ ನಿಲ್ಲುವುದೇ ಎಂಬುದನ್ನು ಮನೆಯಂಗಳದಲ್ಲಿಯೇ ಪರೀಕ್ಷಿಸಬೇಕು. ಇಂಧನದ ಒತ್ತಡವನ್ನು ಓಟದುದ್ದಕ್ಕೂ ದಾಖಲಿಸುವ ಸೆನ್ಸಾರನ್ನು ಜೋಡಿಸಿದರೆ ಇನ್ನೂ ಲೇಸು. ಮೊದಲ ಓಟದ ನಂತರ ಆ ಗೆರೆಯನ್ನು ತೆಗೆದು ನೋಡಲಿ. ಕೊನೆಯ ನೂರು ಮೀಟರಿನಲ್ಲಿ ಅದು ಬಾಗಿದ್ದರೆ, ಎರಡನೆಯ ಓಟಕ್ಕೆ ಇಳಿಯದೆ ಕಾರನ್ನು ಮನೆಗೆ ತರಲಿ.