“ಉಷ್ಣವಲಯ” ಎಂಬ ಶಬ್ದದ ಅರ್ಥವೂ ಒಕ್ಕಲುತನದಲ್ಲಿ ಅದರ ಉಪಯೋಗವೂ

ಬೀಜದ ಚೀಲಗಳ ಮೇಲೂ ಸಸಿಗಳ ವಿವರಪತ್ರಗಳಲ್ಲಿಯೂ “ಉಷ್ಣವಲಯಕ್ಕೆ ಯೋಗ್ಯವಾದದ್ದು” ಎಂದು ಬರೆದಿರುವುದುಂಟು. ರಾಯಚೂರಿನ ಬಿಸಿಲನ್ನು ಬಲ್ಲವರು ಇದನ್ನೋದಿ, ಆ ಬೆಳೆಯು ತಮ್ಮ ಹೊಲಕ್ಕೆ ತಕ್ಕುದೆಂದು ಭಾವಿಸುವುದು ಸಹಜ. ಆದರೆ ಶಬ್ದದ ಅರ್ಥವನ್ನರಿಯದೆ ಬಿತ್ತಿದರೆ ಬೀಜ, ದುಡಿಮೆ, ಹಂಗಾಮು ಮೂರೂ ವ್ಯರ್ಥವಾದಾವು.

ಉಷ್ಣವೆಂದರೆ ಬಿಸಿ, ವಲಯವೆಂದರೆ ಬಳೆಯಂತೆ ಸುತ್ತುವರಿದ ಪಟ್ಟಿ. ಭೂಮಧ್ಯರೇಖೆಯಿಂದ ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು ೨೩½ ಡಿಗ್ರಿಗಳಲ್ಲಿರುವ ಕರ್ಕಾಟಕ, ಮಕರ ಸಂಕ್ರಾಂತಿ ವೃತ್ತಗಳ ನಡುವಣ ಭೂಭಾಗಕ್ಕೆ ಈ ಹೆಸರು. ಇದರೊಳಗೆ ಸೂರ್ಯನು ವರ್ಷಕ್ಕೆ ಎರಡು ಸಲ ನಡುನೆತ್ತಿಯ ಮೇಲೆ ಬರುತ್ತಾನೆ. ರಾಯಚೂರು, ದೇವದುರ್ಗ, ಮಾನವಿಗಳು ೧೬ ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಇಲ್ಲಿ ಮೇ ಮತ್ತು ಆಗಸ್ಟ್ ತಿಂಗಳುಗಳ ಮೊದಲ ಭಾಗದಲ್ಲಿ ಹೀಗಾಗುವುದು.

ಆದರೆ ಈ ಶಬ್ದವು ಮಳೆಯ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಆಗುಂಬೆಯೂ ಉಷ್ಣವಲಯದಲ್ಲಿಯೇ ಇದೆ. ಅಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ರಾಯಚೂರು ಜಿಲ್ಲೆಯಲ್ಲಿ ಸುಮಾರು ೬೦೦ ಮಿಲಿಮೀಟರು ಮಾತ್ರ. ಕಾಳುಮೆಣಸು ಉಷ್ಣವಲಯದ್ದೇ ಆದರೂ ಇಲ್ಲಿಯ ಮಳೆಯಾಶ್ರಿತ ಹೊಲದಲ್ಲಿ ಅದು ನಿಲ್ಲಲಾರದು.

ಆದಕಾರಣ ಈ ಸೀಮೆಗೆ “ಅರೆಶುಷ್ಕ ಉಷ್ಣವಲಯ” ಎಂಬುದೇ ಸರಿಯಾದ ಹೆಸರು. ವರ್ಷದ ಹೆಚ್ಚಿನ ತಿಂಗಳುಗಳಲ್ಲಿ, ಬೀಳುವ ಮಳೆಗಿಂತ ಬಿಸಿಲಿಗೂ ಗಾಳಿಗೂ ಆವಿಯಾಗಿ ಹೋಗಬಲ್ಲ ನೀರೇ ಅಧಿಕವೆಂಬುದು ಇದರ ಭಾವ. ೧೯೭೨ರಲ್ಲಿ ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯು ಈ ಬಗೆಯ ಸೀಮೆಗಳಿಗಾಗಿಯೇ ಏರ್ಪಟ್ಟದ್ದು. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾಗಳು ಅದರ ಮುಖ್ಯ ಬೆಳೆಗಳು. ಇವೆಲ್ಲವೂ ನಮ್ಮ ಜಿಲ್ಲೆಯ ಒಕ್ಕಲಿಗರಿಗೆ ಪರಿಚಿತವಾದವೇ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನವಿಗೂ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗಕ್ಕೂ ಬಂದಿರುವುದು ನಿಜ. ಕಾಲುವೆಯು ಹೊಲಕ್ಕೆ ನೀರುಣಿಸಬಲ್ಲದೇ ಹೊರತು ಸೀಮೆಯ ಹವೆಯನ್ನು ಬದಲಿಸಲಾರದು. ನೀರು ತಲುಪದ ವರ್ಷದಲ್ಲಿ ಆ ಹೊಲವೂ ಮಳೆಯನ್ನೇ ನಂಬಬೇಕಾಗುವುದು.

ಆದುದರಿಂದ ಭೂಮಾಲಿಕರು ಹೊಸ ಬೀಜವನ್ನು ಕೊಳ್ಳುವಾಗ “ಎಷ್ಟು ಬಿಸಿಲನ್ನು ತಾಳುವುದು?” ಎಂಬುದರ ಜೊತೆಗೆ “ಎಷ್ಟು ನೀರನ್ನು ಬೇಡುವುದು, ಎಷ್ಟು ದಿನಕ್ಕೆ ಕೊಯ್ಲಿಗೆ ಬರುವುದು?” ಎಂದೂ ವಿಚಾರಿಸತಕ್ಕದ್ದು. ಎರೆಹೊಲಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ಉಳುವುದು, ಚೌಕುಮಡಿ ಕಟ್ಟಿ ಮಳೆನೀರನ್ನು ಇಂಗಿಸುವುದು, ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ ಬಿತ್ತುವುದು, ಎಡೆಕುಂಟೆ ಹೊಡೆದು ಬಿರುಕುಗಳನ್ನು ಮುಚ್ಚುವುದು ಹಿತಕರ. ಊರ ಹಿರಿಯರು ಈ ಭೇದವನ್ನು ಬಿತ್ತನೆಗೆ ಮೊದಲೇ ರೈತರಿಗೆ ತಿಳಿಯಹೇಳಿದರೆ ಅನೇಕರ ನಷ್ಟವು ತಪ್ಪೀತು.