ಮದುವೆ ಛಾಯಾಗ್ರಹಣ: ದರದ ಹಿಂದಿರುವ ವೆಚ್ಚದ ಲೆಕ್ಕ

ಮದುವೆಯ ಫೋಟೊ ಹಾಗೂ ವಿಡಿಯೊಗಳಿಗೆ ದರ ವಿಚಾರಿಸುವ ಗ್ರಾಹಕನು ಆರತಕ್ಷತೆಯ ಒಂದು ಸಂಜೆ, ಮುಹೂರ್ತದ ಒಂದು ಬೆಳಗು ಮತ್ತು ಒಂದು ಆಲ್ಬಮ್, ಇವಿಷ್ಟನ್ನೇ ಗಣನೆಗೆ ತೆಗೆದುಕೊಳ್ಳುತ್ತಾನೆ. ಸ್ಟುಡಿಯೊ ಮಾಲೀಕನೂ ಪಕ್ಕದ ಸ್ಟುಡಿಯೊದ ದರ ತಿಳಿದುಕೊಂಡು, ಅದಕ್ಕಿಂತ ಒಂದೆರಡು ಸಾವಿರ ಕಡಿಮೆ ಹೇಳುವುದುಂಟು. ಇಬ್ಬರ ಲೆಕ್ಕದಲ್ಲಿಯೂ ಬಿಟ್ಟುಹೋಗುವ ಬಾಬುಗಳೇ ಈ ವ್ಯವಹಾರದ ಅಳಿವು ಉಳಿವನ್ನು ನಿರ್ಧರಿಸುತ್ತವೆ.

ಕಾಣದಾದ ವೆಚ್ಚ

ಫಿಲ್ಮಿನ ಕಾಲದಲ್ಲಿ ವೆಚ್ಚವು ಕಣ್ಣಿಗೆ ಕಾಣುವಂತಿತ್ತು. 36 ಚಿತ್ರಗಳ ರೋಲು, ಅದರ ಸಂಸ್ಕರಣೆ, ಪ್ರತಿಯೊಂದು ಚಿತ್ರದ ಮುದ್ರಣ ಇವೆಲ್ಲವನ್ನೂ ಎಣಿಸಿ ದರ ಹೇಳಬಹುದಾಗಿತ್ತು. ಡಿಜಿಟಲ್ ಕ್ಯಾಮೆರಾ ಬಂದ ಬಳಿಕ ಎಷ್ಟು ಚಿತ್ರ ತೆಗೆದರೂ ಖರ್ಚಿಲ್ಲವೆಂಬ ಭಾವನೆ ಬೆಳೆಯಿತು. ವಾಸ್ತವವಾಗಿ ಆ ವೆಚ್ಚವು ಯಂತ್ರಕ್ಕೂ ದುಡಿಮೆಯ ಗಂಟೆಗಳಿಗೂ ವರ್ಗಾವಣೆಯಾಗಿದೆ. ಎರಡು ದಿನಗಳ ಮದುವೆಯಲ್ಲಿ ಸಾವಿರಾರು ಚಿತ್ರಗಳು ಸೇರುತ್ತವೆ. ಅವುಗಳನ್ನು ಆರಿಸಿ, ಬಣ್ಣ ತಿದ್ದಿ, ಆಲ್ಬಮ್ಮಿನ ಪುಟಗಳಿಗೆ ಹೊಂದಿಸಲು ಹಲವು ದಿನಗಳು ಹಿಡಿಯುತ್ತವೆ. ಕ್ಯಾಮೆರಾದ ಷಟರ್‌ಗೂ ಆಯುಷ್ಯವಿದೆ. ಹಲವು ವೃತ್ತಿಪರ ಮಾದರಿಗಳಲ್ಲಿ ತಯಾರಕರು ಸೂಚಿಸುವ ಬಾಳಿಕೆ 1.5 ಲಕ್ಷದಿಂದ 2 ಲಕ್ಷ ಚಿತ್ರಗಳು.

ದುಡಿಮೆಯ ದಿನಗಳು ಸೀಮಿತ

ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ರಾಜ್ಯದ ಬಹುಪಾಲು ಹಿಂದೂ ಕುಟುಂಬಗಳು ಮದುವೆ ಇಟ್ಟುಕೊಳ್ಳುವುದಿಲ್ಲ. ಅಧಿಕಮಾಸ ಬಂದ ವರ್ಷ ಇನ್ನೊಂದು ತಿಂಗಳು ಕೈತಪ್ಪುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. 2026ರದು ಅಧಿಕ ಜ್ಯೇಷ್ಠ. ಒಳ್ಳೆಯ ಮುಹೂರ್ತದ ದಿನ ನಾಲ್ಕು ಮನೆಯವರು ಕೇಳಿಕೊಂಡು ಬಂದರೂ ಒಂದು ತಂಡದಿಂದ ಒಂದೇ ಮದುವೆ ಸಾಧ್ಯ. ಅಂಗಡಿಯ ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ತಪ್ಪದು.

ಒಂದು ಮಾದರಿ ಲೆಕ್ಕ

ವರ್ಷಕ್ಕೆ 40 ಮದುವೆ ಮಾಡುವ, ಜಿಲ್ಲಾ ಕೇಂದ್ರದ ಒಂದು ಸ್ಟುಡಿಯೊವನ್ನು ಊಹಿಸಿಕೊಳ್ಳಬಹುದು. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ.

ವಾರ್ಷಿಕ ಸ್ಥಿರ ವೆಚ್ಚ (ರೂ.):
ಕ್ಯಾಮೆರಾ, ಲೆನ್ಸ್, ದೀಪಗಳ ಸವಕಳಿ (ಬೆಲೆ 10 ಲಕ್ಷ, 5 ವರ್ಷಗಳ ನಂತರದ ಮೌಲ್ಯ 2 ಲಕ್ಷ): 1,60,000
ಕಂಪ್ಯೂಟರ್ ಸವಕಳಿ (ಬೆಲೆ 2 ಲಕ್ಷ, 4 ವರ್ಷ): 50,000
ಬಾಡಿಗೆ, ವಿದ್ಯುತ್, ಇಂಟರ್ನೆಟ್: 1,80,000
ದುರಸ್ತಿ, ವಿಮೆ, ಸಾಫ್ಟ್‌ವೇರ್: 60,000
ಮಾಲೀಕನ ದುಡಿಮೆ (ತಿಂಗಳಿಗೆ 30,000): 3,60,000
ತೊಡಗಿಸಿದ ಬಂಡವಾಳದ ಮೇಲಿನ ಬಡ್ಡಿ (ಸರಾಸರಿ 7 ಲಕ್ಷ, ಶೇ. 10): 70,000
ಒಟ್ಟು: 8,80,000

ಇದನ್ನು 40 ಮದುವೆಗಳಿಗೆ ಹಂಚಿದರೆ ಒಂದಕ್ಕೆ 22,000 ರೂ. ಮದುವೆಗಳು 32ಕ್ಕೆ ಇಳಿದರೆ ಈ ಪಾಲು 27,500 ರೂ.ಗೆ ಏರುತ್ತದೆ.

ಪ್ರತಿ ಮದುವೆಯ ನೇರ ವೆಚ್ಚ (ರೂ.):
ಇಬ್ಬರು ಸಹಾಯಕರ ಎರಡು ದಿನದ ಸಂಭಾವನೆ: 12,000
ಆಲ್ಬಮ್: 9,000
ಪುಟ ವಿನ್ಯಾಸ, ವಿಡಿಯೊ ಸಂಕಲನ: 10,000
ಪ್ರಯಾಣ, ಹಾರ್ಡ್ ಡಿಸ್ಕ್, ಇತರೆ: 4,000
ಒಟ್ಟು: 35,000

ಎರಡೂ ಸೇರಿ ಒಂದು ಮದುವೆಯ ನೈಜ ವೆಚ್ಚ 57,000 ರೂ.

ನಗದು ಇದ್ದರೂ ನಷ್ಟ

ಈಗ ಮಾಲೀಕನು ಪೈಪೋಟಿಗೆ ಬಿದ್ದು 50,000 ರೂ.ಗೆ ಒಪ್ಪಿಕೊಂಡನೆಂದು ಭಾವಿಸೋಣ. ನೇರ ವೆಚ್ಚ ಕಳೆದು 15,000 ರೂ. ಕೈಗೆ ಬರುತ್ತದೆ, 40 ಮದುವೆಗಳಿಂದ 6 ಲಕ್ಷ ರೂ. ಬಾಡಿಗೆ, ದುರಸ್ತಿ ಇತ್ಯಾದಿಗೆ 2.40 ಲಕ್ಷ ಹೋದರೆ ಉಳಿಯುವ 3.60 ಲಕ್ಷದಲ್ಲಿ ತಿಂಗಳಿಗೆ 30,000 ರೂ. ಮನೆಗೆ ಒಯ್ಯಬಹುದು. ಎಲ್ಲವೂ ಸರಿಯಾಗಿದೆ ಎಂದೇ ತೋರುತ್ತದೆ. ಆದರೆ ಸವಕಳಿಯ 2.10 ಲಕ್ಷ, ಬಡ್ಡಿಯ 70,000, ಹೀಗೆ ವರ್ಷಕ್ಕೆ 2.80 ಲಕ್ಷ ರೂ. ಗಳಿಕೆಯಾಗಿಲ್ಲ. ಈ ಕೊರತೆಯು ಐದನೆಯ ವರ್ಷ ಕ್ಯಾಮೆರಾ ಬದಲಿಸಬೇಕಾದಾಗ ಬಯಲಾಗುತ್ತದೆ. ಆಗ ಸಾಲವೊಂದೇ ದಾರಿ.

ಹಾಗೆಂದು 57,000ಕ್ಕಿಂತ ಕಡಿಮೆಯ ಕೆಲಸವನ್ನು ಎಂದಿಗೂ ಒಪ್ಪಬಾರದೆಂದಲ್ಲ. ಬೇರೆ ಕೆಲಸವಿಲ್ಲದ ದಿನ ಬಂದ 50,000ದ ಮದುವೆಯು ಸ್ಥಿರ ವೆಚ್ಚಕ್ಕೆ 15,000 ರೂ. ನೆರವಾಗುತ್ತದೆ. ಬಿಡುವಿನ ದಿನದ ಆ ದರವೇ ವರ್ಷವಿಡೀ ದರವಾದಾಗ ಬಂಡವಾಳ ಕರಗುತ್ತದೆ.

ತೆರಿಗೆಯ ಬಾಬು

ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದರೆ ಜಿಎಸ್‌ಟಿ ನೋಂದಣಿ ಅಗತ್ಯ; ಛಾಯಾಗ್ರಹಣ ಸೇವೆಗೆ ಸಾಮಾನ್ಯ ದರ ಶೇ. 18. ತಲಾ 50,000 ರೂ.ನಂತೆ 40 ಮದುವೆಗಳಾದರೆ ವಹಿವಾಟು ಸರಿಯಾಗಿ 20 ಲಕ್ಷ. ಮುಂದಿನ ಮದುವೆಯೇ ಮಿತಿಯನ್ನು ದಾಟಿಸುತ್ತದೆ. ತೆರಿಗೆಯನ್ನು ಪ್ರತ್ಯೇಕವಾಗಿ ಹೇಳದೆ 50,000 ರೂ.ಗೆ ಒಪ್ಪಿಕೊಂಡ ನೋಂದಾಯಿತ ಸ್ಟುಡಿಯೊಗೆ ಅದರಲ್ಲಿ 7,627 ರೂ. ತೆರಿಗೆಯೇ ಆಗುತ್ತದೆ. ಕ್ಯಾಮೆರಾ, ಆಲ್ಬಮ್ ಮುಂತಾದ ಖರೀದಿಗಳ ಮೇಲೆ ತೆತ್ತ ತೆರಿಗೆಯನ್ನು ಬಿಲ್ಲುಗಳಿದ್ದಲ್ಲಿ ನಿಯಮಾನುಸಾರ ವಜಾ ಮಾಡಿಕೊಳ್ಳಲು ಅವಕಾಶವಿದೆ. ಮುಂಗಡ ಪಡೆದಾಗಲೇ ಸೇವೆಯ ಮೇಲಿನ ತೆರಿಗೆಯ ಹೊಣೆ ಹುಟ್ಟುವುದೆಂಬುದನ್ನೂ ಮರೆಯಬಾರದು.

ಮಾಡಬೇಕಾದುದೇನು?

ಮೇಲಿನ ಸ್ಟುಡಿಯೊ ತಿಂಗಳಿಗೆ 17,500 ರೂ.ಗಳನ್ನು ಸವಕಳಿಯ ಹೆಸರಿನಲ್ಲಿ ಬೇರೊಂದು ಖಾತೆಗೆ ಹಾಕುತ್ತಾ ಬಂದರೆ ಹೊಸ ಯಂತ್ರಕ್ಕೆ ಸಾಲಕ್ಕಾಗಿ ಅಲೆಯಬೇಕಾಗಿಲ್ಲ. ಆ ಮೊತ್ತ ಹಾಕಲು ಸಾಧ್ಯವಾಗದ ತಿಂಗಳುಗಳೇ ಹೆಚ್ಚಾದರೆ ದರವನ್ನು ಮರುಪರಿಶೀಲಿಸಬೇಕೆಂದು ಅರ್ಥ. ಲೇತ್ ಇಟ್ಟವರಿಗೂ, ಲಗ್ನಪತ್ರಿಕೆ ಅಚ್ಚುಹಾಕುವವರಿಗೂ, ಶಾಮಿಯಾನ ಬಾಡಿಗೆಗೆ ಕೊಡುವವರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಪಕ್ಕದವನ ದರವು ಅವನ ವೆಚ್ಚವನ್ನು ತಿಳಿಸುವುದಿಲ್ಲ. ಅವನೂ ಸವಕಳಿಯನ್ನು ಮರೆತಿರಬಹುದು.